ವೈದ್ಯ ವಿದ್ಯಾರ್ಥಿಗಳ ಆರೋಗ್ಯ: ಒಂದು ವರದಿಯ ವಿಮರ್ಶೆ

ಹೊತ್ತಿಗೆ ಸರಿಯಾಗಿ ಊಟ ಮಾಡಿ, ಚೆನ್ನಾಗಿ ನಿದ್ರಿಸಿ ಎಂದು ನಮಗೆ ಹೇಳುವವರು ವೈದ್ಯರು. ಆ ವಿದ್ಯೆ ಕಲಿಯುತ್ತಿರುವವರ ಸ್ಥಿತಿ ಹೇಗಿದೆ? ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆಯೊಂದು 2024ರಲ್ಲಿ ಈ ಬಗ್ಗೆ ವರದಿ ನೀಡಿತು. 25,590 ಪದವಿ ವಿದ್ಯಾರ್ಥಿಗಳೂ 5,337 ಸ್ನಾತಕೋತ್ತರ ವಿದ್ಯಾರ್ಥಿಗಳೂ ಆನ್‌ಲೈನ್ ಪ್ರಶ್ನಾವಳಿಗೆ ಉತ್ತರಿಸಿದ್ದರು.

ವಿದ್ಯಾರ್ಥಿಗಳ ಅಭ್ಯಾಸಗಳನ್ನಷ್ಟೇ ದೂರದೆ ದುಡಿಮೆಯ ಅವಧಿಯನ್ನೂ ಪರಿಶೀಲಿಸಿರುವುದು ವರದಿಯ ಹೆಚ್ಚುಗಾರಿಕೆ. ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ ಸುಮಾರು ಶೇ. 45ರಷ್ಟು ಮಂದಿ ವಾರಕ್ಕೆ 60 ಗಂಟೆಗೂ ಹೆಚ್ಚು ದುಡಿಯುವುದಾಗಿ ಹೇಳಿದ್ದಾರೆ. ಅರ್ಧಕ್ಕಿಂತ ಹೆಚ್ಚು ಮಂದಿಗೆ ವಾರದ ರಜೆಯೂ ಇಲ್ಲ.

ಆದರೆ ಅಂಕಿಗಳನ್ನು ಎಚ್ಚರಿಕೆಯಿಂದ ಓದಬೇಕು. ತಮಗೆ ಮಾನಸಿಕ ಕಾಯಿಲೆ ಇದೆಯೆಂದು ಪತ್ತೆಯಾಗಿರುವುದಾಗಿ ಪದವಿ ವಿದ್ಯಾರ್ಥಿಗಳಲ್ಲಿ ಶೇ. 27.8 ಮಂದಿ ತಿಳಿಸಿದರೆ, ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ ಶೇ. 15.3 ಮಾತ್ರ. ಹಾಗಾದರೆ ಎರಡನೆಯವರು ಹೆಚ್ಚು ಆರೋಗ್ಯವಂತರೇ? ಆತ್ಮಹತ್ಯೆಯ ಯೋಚನೆ ಬಂದಿತ್ತು ಎಂದವರ ಪ್ರಮಾಣ ನೋಡಿ: ಪದವಿಯವರಲ್ಲಿ ಶೇ. 16.2, ಸ್ನಾತಕೋತ್ತರದಲ್ಲಿ ಶೇ. 31.2. ಕಾಯಿಲೆ 'ಪತ್ತೆ'ಯಾಗಬೇಕಾದರೆ ಯಾರಾದರೂ ವೈದ್ಯರ ಬಳಿ ಹೋಗಬೇಕು. ಅದಕ್ಕೆ ಬಿಡುವು ಬೇಕು, ಧೈರ್ಯವೂ ಬೇಕು. ಆದ್ದರಿಂದ ಮೊದಲ ಅಂಕಿ ಕಾಯಿಲೆಯನ್ನಷ್ಟೇ ಅಲ್ಲ, ಚಿಕಿತ್ಸೆಯ ಅವಕಾಶವನ್ನೂ ಅಳೆಯುತ್ತಿರಬಹುದು. ಜೊತೆಗೆ, ಇಷ್ಟವಿದ್ದವರು ಮಾತ್ರ ಉತ್ತರಿಸಿದ ಸಮೀಕ್ಷೆ ಇದು. ನೊಂದವರೇ ಹೆಚ್ಚಾಗಿ ಉತ್ತರಿಸಿರಬಹುದು. ತೀರಾ ದಣಿದವರು ಉತ್ತರಿಸದೆಯೂ ಇರಬಹುದು. ಉತ್ತರಿಸಿದವರ ಸಂಖ್ಯೆ ದೊಡ್ಡದಾದ ಮಾತ್ರಕ್ಕೆ ಈ ದೋಷ ನೀಗುವುದಿಲ್ಲ.

ಇನ್ನು ಪರಿಹಾರ. ಸ್ನಾತಕೋತ್ತರ ವಿದ್ಯಾರ್ಥಿಗಳ ದುಡಿಮೆ ವಾರಕ್ಕೆ 74 ಗಂಟೆ ಮೀರಬಾರದು. ಒಂದು ದಿನ ರಜೆ, ಒಮ್ಮೆ 24 ಗಂಟೆಯ ಪಾಳಿ, ಉಳಿದ ಐದು ದಿನ ತಲಾ 10 ಗಂಟೆ. ದಿನಕ್ಕೆ 7-8 ಗಂಟೆ ನಿದ್ರೆ ಎಂಬುದು ಸಲಹೆ. ನೀವೇ ಲೆಕ್ಕ ಹಾಕಿ. ವಾರದ 168 ಗಂಟೆಗಳಲ್ಲಿ ದುಡಿಮೆಗೆ 74, ನಿದ್ರೆಗೆ 56 ಕಳೆದರೆ ಉಳಿಯುವುದು 38. ಊಟ, ಸ್ನಾನ, ಓದು, ಪ್ರಬಂಧ ಎಲ್ಲವೂ ಇದರಲ್ಲೇ ಆಗಬೇಕು. 24 ಗಂಟೆಯ ಪಾಳಿಯಂದು ನಿದ್ರೆ ಎಲ್ಲಿಂದ ಬರಬೇಕು? 1992ರ ಕೇಂದ್ರ ರೆಸಿಡೆನ್ಸಿ ಯೋಜನೆ ಹೇಳಿದ್ದು ವಾರಕ್ಕೆ 48 ಗಂಟೆ, ಸಾಮಾನ್ಯವಾಗಿ ಒಂದೇ ಸಮನೆ 12 ಗಂಟೆ ಮೀರದಂತೆ.

ಇದು ರೋಗಿಗಳ ಪ್ರಶ್ನೆಯೂ ಹೌದು. ಸತತ 17 ಗಂಟೆ ಎಚ್ಚರವಿದ್ದವರ ಚುರುಕುತನ, ರಕ್ತದಲ್ಲಿ ಶೇ. 0.05 ಮದ್ಯಸಾರವಿದ್ದವರಷ್ಟೇ ಕುಗ್ಗುತ್ತದೆಂದು 1997ರಲ್ಲಿ 'ನೇಚರ್' ಪತ್ರಿಕೆಯ ಲೇಖನವೊಂದು ತೋರಿಸಿತು. ನಮ್ಮಲ್ಲಿ ವಾಹನ ಚಾಲಕರಿಗೆ ಮಿತಿ ಶೇ. 0.03.

ಕಾಯಿಲೆಯ ಮೂಲ ಗುರುತಿಸಿದ ವರದಿ ಔಷಧದ ಪ್ರಮಾಣದಲ್ಲಿ ಹಿಂಜರಿದಿದೆ. ಅಧ್ಯಾಪಕರೇ, ನಿಮ್ಮ ಹಳೆಯ ಶಿಷ್ಯರಲ್ಲಿ ವೈದ್ಯ ವಿದ್ಯಾರ್ಥಿಗಳಿದ್ದರೆ ವಿಚಾರಿಸಿ. ಟೆಲಿ ಮಾನಸ್ ಸಹಾಯವಾಣಿ 14416 ಅವರಿಗೂ ತಿಳಿದಿರಲಿ.