ಕಗ್ಗ: ಔಷಧಿಯೋ, ಒಡನಾಡಿಯೋ?

ಡಿ. ವಿ. ಗುಂಡಪ್ಪನವರ ‘ಮಂಕುತಿಮ್ಮನ ಕಗ್ಗ’ ಪ್ರಕಟವಾದದ್ದು 1943ರಲ್ಲಿ. ಎಂಬತ್ತು ವರ್ಷಗಳು ಮೀರಿದರೂ ಕನ್ನಡಿಗರು ಅದರ ಕೈಬಿಟ್ಟಿಲ್ಲ. ಕಗ್ಗದ ಪದ್ಯ ಕ್ಯಾಲೆಂಡರಿನ ಹಾಳೆಯಲ್ಲುಂಟು, ಮದುವೆಯ ಕರೆಯೋಲೆಯಲ್ಲುಂಟು, ಶಾಲೆಯ ಗೋಡೆಯ ಮೇಲುಂಟು. ಈಗ ಬೆಳಗಿನ ಕಾಫಿಗೆ ಮೊದಲೇ ಮೊಬೈಲು ಫೋನಿಗೂ ಬಂದಿಳಿಯುತ್ತದೆ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗ್ಗೆ ನಡೆದಾಡುವ ಹಿರಿಯರು ರಕ್ತದೊತ್ತಡದ ಮಾತು ಮುಗಿಸಿದೊಡನೆ ಕಗ್ಗದ ಮಾತಿಗೆ ಬರುವುದನ್ನು ನಾನೇ ಕೇಳಿದ್ದೇನೆ. ಮೈಗೆ ನಡಿಗೆ, ಮನಸ್ಸಿಗೆ ಕಗ್ಗ: ಇದು ನಮ್ಮ ಮೈಸೂರಿನ ಆರೋಗ್ಯಸೂತ್ರವೆಂದರೆ ತಪ್ಪಾಗಲಾರದು.

ಇದರಲ್ಲಿ ನಗುವಂಥದೇನೂ ಇಲ್ಲ. ಒಂದು ಕಾವ್ಯ ವಿದ್ವಾಂಸರ ಬೀರುವಿನಿಂದಿಳಿದು ದಿನಬಳಕೆಗೆ ಬಂದಿತೆಂದರೆ ಅದು ಆ ಕಾವ್ಯದ ಭಾಗ್ಯ. ಆದರೆ ದಿನಬಳಕೆಯ ವಸ್ತು ಸವೆಯುವುದೂ ಉಂಟು. ಕಗ್ಗವನ್ನು ಇಷ್ಟೊಂದು ಬಳಸುತ್ತಿರುವ ನಾವು ಅದನ್ನು ಓದುತ್ತಲೂ ಇದ್ದೇವೆಯೆ?

ಈ ಪ್ರಶ್ನೆ ಹುಟ್ಟಿದ್ದು ಹೀಗೆ. ಕೆಲವು ವರ್ಷಗಳ ಹಿಂದೆ ನನ್ನ ಸ್ನೇಹಿತರೊಬ್ಬರ ಪತ್ನಿ ತೀರಿಕೊಂಡರು. ಸಮಾಧಾನ ಹೇಳಬಂದವರಲ್ಲಿ ಅನೇಕರು ಕಗ್ಗದ ಪದ್ಯ ಹೇಳಿದರು. ಬರಲಾಗದವರು ಬರೆದು ಕಳಿಸಿದರು. ನಾನೂ ಒಂದನ್ನು ಕಳಿಸಿದ್ದೆ. ತಿಂಗಳ ಮೇಲೆ ಭೇಟಿಯಾದಾಗ ಅವರು ಹೇಳಿದರು: “ಮೇಷ್ಟ್ರೇ, ನೀವೆಲ್ಲ ಪದ್ಯ ಹೇಳಿ ನನ್ನ ಬಾಯಿ ಮುಚ್ಚಿಸಿಬಿಟ್ಟಿರಿ. ಅಳೋದಕ್ಕೂ ನಾಚಿಕೆಯಾಯಿತು.”

ಆ ಮಾತು ಚುಚ್ಚಿತು. ದೋಷ ಕಗ್ಗದ್ದೋ, ಕಳಿಸಿದವನದೋ ಎಂದು ನೋಡಲು ಪುಸ್ತಕವನ್ನು ಮೊದಲ ಪದ್ಯದಿಂದ ಕ್ರಮವಾಗಿ ಓದತೊಡಗಿದೆ. ಪಾಠ ಹೇಳುವವನಾದರೂ ಅಲ್ಲಿಯವರೆಗೆ ನಾನೂ ಅದನ್ನು ಅಲ್ಲಲ್ಲಿ ತೆರೆದು ನೋಡಿದವನೇ.

ಒಟ್ಟು 945 ಪದ್ಯಗಳು. ಆರಂಭದಲ್ಲಿ ಸ್ತುತಿಯಿದೆ, ನಿಜ. ಆದರೆ ಅದು ಸಂದೇಹವನ್ನು ಬಾಗಿಲ ಹೊರಗೆ ಬಿಟ್ಟು ಬಂದ ಸ್ತುತಿಯಲ್ಲ. ನಾವು ನಮಿಸುವ ತತ್ತ್ವ ಇದೆಯೋ ಇಲ್ಲವೋ ಎಂಬ ಶಂಕೆ ಮೊದಲ ಕೆಲವು ಪದ್ಯಗಳಲ್ಲೇ ತಲೆಯೆತ್ತುತ್ತದೆ. ಅದರ ಬೆನ್ನಿಗೇ ಪ್ರಶ್ನೆಗಳ ಸಾಲು: ಬದುಕಿಗೆ ಅರ್ಥವುಂಟೆ? ಲೋಕಕ್ಕೂ ಜೀವಕ್ಕೂ ಇರುವ ನಂಟೇನು? ಸೃಷ್ಟಿಸಿದವನಿಗೆ ಮಮತೆಯಿದ್ದರೆ ಜೀವಿಗಳಿಗೆ ಈ ಸಂಕಟವೇಕೆ? ಉತ್ತರ ತಡವಾಗಿ ಬರುತ್ತದೆ. ಬಂದದ್ದೂ ಇಡಿಯಾಗಿ ಬರುವುದಿಲ್ಲ. ಒಂದು ಕಡೆ ಒಪ್ಪಿಕೊಂಡದ್ದನ್ನೇ ತಿಮ್ಮ ಇನ್ನೊಂದು ಕಡೆ ಮತ್ತೆ ಕೆದಕುತ್ತಾನೆ. ಕಗ್ಗವೆಂದರೆ ಗೋಜಲು ಮಾತು. ಆ ಹೆಸರು ವಿನಯಕ್ಕಾಗಿ ಮಾತ್ರ ಇಟ್ಟದ್ದಲ್ಲವೆಂದು ಆಗ ಹೊಳೆಯಿತು.

ಕಗ್ಗಕ್ಕೆ ಮೊದಲೇ ಡಿ.ವಿ.ಜಿ.ಯವರು ಉಮರ್ ಖಯ್ಯಾಮನನ್ನು ‘ಉಮರನ ಒಸಗೆ’ಯಾಗಿ ಕನ್ನಡಕ್ಕೆ ತಂದಿದ್ದರೆಂಬುದನ್ನು ಇಲ್ಲಿ ನೆನೆಯಬೇಕು. ಉಮರನದೂ ನಾಲ್ಕು ಸಾಲಿನ ಪದ್ಯವೇ. ಅವನದೂ ವಿಧಿಯೊಡನೆ ಜಗಳವೇ. ಕಗ್ಗಕ್ಕೆ ಬರುವಾಗ ಡಿ.ವಿ.ಜಿ.ಯವರು ಉಮರನ ಮಧುಪಾತ್ರೆಯನ್ನು ಕೆಳಗಿಟ್ಟರು, ಅವನ ಸಂಶಯವನ್ನು ಉಳಿಸಿಕೊಂಡರು. ಅದನ್ನು ನಮ್ಮ ವೇದಾಂತದೊಡನೆ ವಾದಕ್ಕೆ ಕೂರಿಸಿದರು. ಆ ವಾದವೇ ಕಗ್ಗದ ಜೀವಾಳ. ಒಂಟಿ ಪದ್ಯವನ್ನು ಕತ್ತರಿಸಿ ಗೋಡೆಗೆ ಅಂಟಿಸಿದಾಗ ಉಳಿಯುವುದು ತೀರ್ಪು, ಕಳೆದುಹೋಗುವುದು ವಾದ.

ನಮ್ಮ ಊರಿನವರಿಗೆ ಚೆನ್ನಾಗಿ ಹಿಡಿಸುವ ಪದ್ಯವೊಂದನ್ನೇ ನೋಡಬಹುದು: ಬದುಕನ್ನು ಜಟಕಾ ಬಂಡಿಗೆ ಹೋಲಿಸುವ ಪದ್ಯ. ಅರಮನೆಯ ಸುತ್ತ ಇಂದೂ ಜಟಕಾ ಕಾಣುವ ನಮಗೆ ಅದನ್ನು ಯಾರೂ ವಿವರಿಸಬೇಕಾಗಿಲ್ಲ. ಪದ್ಯದಲ್ಲಿ ನಾವು ಬಂಡಿಯಲ್ಲಿ ಕುಳಿತವರಲ್ಲ, ಎಳೆಯುವ ಕುದುರೆ. ಹೋಗಬೇಕಾದದ್ದು ಮದುವೆಯ ಮನೆಗೋ ಸ್ಮಶಾನಕ್ಕೋ, ತೀರ್ಮಾನ ನಮ್ಮದಲ್ಲ. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಕೊನೆಗೆ ಸಿಗುವ ಆಶ್ವಾಸನೆ ಎಷ್ಟು ಸಣ್ಣದೆಂಬುದನ್ನು ಗಮನಿಸುವವರು ಕಡಿಮೆ. ಕಾಲು ಕುಸಿದರೆ ಕೆಳಗೆ ನೆಲವಿದೆ, ಅಷ್ಟೆ. ಎತ್ತಲು ಯಾರಾದರೂ ಬರುತ್ತಾರೆಂದು ಕವಿ ಹೇಳುವುದಿಲ್ಲ, ನೋವಾಗದೆಂದೂ ಹೇಳುವುದಿಲ್ಲ. ಯೌವನದಲ್ಲೇ ಪತ್ನಿಯನ್ನು ಕಳೆದುಕೊಂಡವರು, ಮಹಾಯುದ್ಧದ ನಡುವೆ, ಐವತ್ತು ದಾಟಿದ ವಯಸ್ಸಿನಲ್ಲಿ ಪ್ರಕಟಿಸಿದ ಪುಸ್ತಕವಿದು. ಇದಕ್ಕಿಂತ ಹೆಚ್ಚಿನ ಭರವಸೆ ಕೊಟ್ಟಿದ್ದರೆ ನಾವು ನಂಬುತ್ತಿದ್ದೆವೆ?

ಕಗ್ಗದಲ್ಲಿ ಕೊರತೆಗಳಿಲ್ಲವೆಂದಲ್ಲ. ಒಂದೇ ಭಾವ ಬೇರೆ ಬೇರೆ ಉಡುಪಿನಲ್ಲಿ ಮತ್ತೆ ಮತ್ತೆ ಬರುತ್ತದೆ. ಹಳಗನ್ನಡದ ರೂಪಗಳೂ ಸಂಸ್ಕೃತ ಸಮಾಸಗಳೂ ಸೇರಿದ ಭಾಷೆ ಇಂದಿನ ವಿದ್ಯಾರ್ಥಿಗೆ ತೊಡಕು, ಡಿ. ಆರ್. ವೆಂಕಟರಮಣನ್ ಅವರ ‘ಕಗ್ಗಕ್ಕೊಂದು ಕೈಪಿಡಿ’ಯಂಥ ನೆರವು ಬೇಕಾದದ್ದು ಅದಕ್ಕಾಗಿಯೇ. ಇವೆರಡಕ್ಕಿಂತ ದೊಡ್ಡ ಆಕ್ಷೇಪ ಮತ್ತೊಂದಿದೆ. ಬಂದದ್ದನ್ನು ಸಹಿಸು ಎಂಬ ಮಾತು ಸಾವಿನ ಮುಂದೆ ವಿವೇಕ. ಅನ್ಯಾಯದ ಮುಂದೆ ಅದೇ ಮಾತು ಅಪಾಯ. ಕೂಲಿ ಸಿಗದವನಿಗೆ ವಿಧಿಯ ಪದ್ಯ ಹೇಳುವುದು ಕ್ರೌರ್ಯವಲ್ಲದೆ ಮತ್ತೇನು? ಈ ಆಕ್ಷೇಪಕ್ಕೆ ಕಗ್ಗದೊಳಗೆ ಪೂರ್ಣ ಸಮಾಧಾನ ನನಗೆ ಸಿಕ್ಕಿಲ್ಲ. ಡಿ.ವಿ.ಜಿ.ಯವರ ಬದುಕಿನಲ್ಲಿ ಸ್ವಲ್ಪ ಸಿಕ್ಕಿತು. ಅವರು ಪತ್ರಿಕೆ ನಡೆಸಿದವರು, ರಾಜ್ಯಾಡಳಿತದ ಪ್ರಶ್ನೆಗಳನ್ನು ಕುರಿತು ಬರೆದವರು. ಕಗ್ಗ ಬಂದ ಎರಡು ವರ್ಷಕ್ಕೆ, 1945ರಲ್ಲಿ, ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದವರು. ಸಹಿಸಬೇಕಾದದ್ದಕ್ಕೂ ತಿದ್ದಬೇಕಾದದ್ದಕ್ಕೂ ಇರುವ ಭೇದ ಅವರಿಗೆ ಗೊತ್ತಿತ್ತು. ಪದ್ಯವನ್ನು ಹಂಚುವ ನಮಗೆ ಅದು ಗೊತ್ತಿರಬೇಡವೆ?

ಹಾಗಾದರೆ ದಿನಕ್ಕೊಂದು ಪದ್ಯ ಓದುವುದು ತಪ್ಪೆ? ಖಂಡಿತ ಅಲ್ಲ. ಸಾಲು ಸಾಲಿನ ಎರಡನೆಯ ಅಕ್ಷರದಲ್ಲಿ ಬರುವ ಪ್ರಾಸ ಕಗ್ಗವನ್ನು ನೆನಪಿನಲ್ಲಿ ಊರುವಂತೆ ಮಾಡಿದೆ. ನಡೆಯುವಾಗಲೋ ಬಸ್ಸಿಗೆ ಕಾಯುವಾಗಲೋ ತಾನಾಗಿ ನಾಲಗೆಗೆ ಬರುವ ಪದ್ಯ ದೊಡ್ಡ ಆಸ್ತಿ. ಆದರೆ ಗುಳಿಗೆ ನುಂಗಿದಂತೆ ನುಂಗಿ ಮುಂದೆ ಹೋಗಬಾರದು. ಹಿಂದಿನ ಪದ್ಯ ಏನು ಕೇಳಿತ್ತು, ಮುಂದಿನದು ಇದನ್ನು ಒಪ್ಪುತ್ತದೆಯೆ, ನಾನು ಒಪ್ಪುತ್ತೇನೆಯೆ ಎಂದು ಕೇಳಿಕೊಳ್ಳಬೇಕು. ಕುವೆಂಪು ಅವರು ಕಗ್ಗವನ್ನು ಕುರಿತು ಅದರ ಧಾಟಿಯಲ್ಲೇ ಒಂದು ಪದ್ಯ ಬರೆದಿದ್ದಾರೆ: ಪುಸ್ತಕ ಕೈಗೆ ಬಂದಾಗ ನಕ್ಕದ್ದನ್ನೂ, ಓದುತ್ತ ಬಳಲಿದ್ದನ್ನೂ, ಕೊನೆಗೆ ಕೈಮುಗಿದದ್ದನ್ನೂ ಅದರಲ್ಲಿ ಹೇಳಿದ್ದಾರೆ. ನಡುವಿನ ಬಳಲಿಕೆಯನ್ನು ಬಿಟ್ಟು ನಾವು ನೇರವಾಗಿ ಕೈಮುಗಿಯಲು ಹೊರಟಿದ್ದೇವೆ.

ಆ ಸ್ನೇಹಿತರು ಕಳೆದ ವರ್ಷ ತಾವಾಗಿಯೇ ಬಂದು ನನ್ನ ಪ್ರತಿಯನ್ನು ಕೇಳಿ ಕೊಂಡೊಯ್ದರು. ಕೆಲವು ವಾರಗಳ ಮೇಲೆ ದಾರಿಯಲ್ಲಿ ಸಿಕ್ಕಾಗ, “ಮೇಷ್ಟ್ರೇ, ಈ ತಿಮ್ಮನಿಗೂ ಗೊತ್ತಿಲ್ಲ ಕಣ್ರೀ” ಎಂದರು. ಅವರ ಮುಖದಲ್ಲಿ ದೂರು ಕಾಣಲಿಲ್ಲ, ಜೊತೆ ಸಿಕ್ಕವರ ಗೆಲುವು ಕಂಡಿತು. ಪುಸ್ತಕ ಇನ್ನೂ ಅವರಲ್ಲೇ ಇದೆ. ನಾನು ಹಿಂದಕ್ಕೆ ಕೇಳಿಲ್ಲ.