ಪುಟಕ್ಕೆ ಇಷ್ಟು ಎಂಬ ಲೆಕ್ಕ

ವೆಬ್‌ಸೈಟ್ ಮಾಡಿಕೊಡುವವರಿಂದ ನಾಲ್ಕಾರು ಕೊಟೇಶನ್ ತರಿಸಿ ಮುಂದಿಟ್ಟುಕೊಂಡರೆ ಯಾವ ವ್ಯಾಪಾರಿಗೂ ತಲೆ ಕೆಡುತ್ತದೆ. ಎಲ್ಲದರಲ್ಲೂ ಅದೇ ಐದು ಪುಟ, ಅದೇ ಫೋಟೊ ಗ್ಯಾಲರಿ, ಅದೇ ವಾಟ್ಸಾಪ್ ಗುಂಡಿ. ಒಬ್ಬರು ಎಂಟು ಸಾವಿರ ಎನ್ನುತ್ತಾರೆ, ಇನ್ನೊಬ್ಬರು ಎಂಬತ್ತು ಸಾವಿರ. ಇವರಲ್ಲಿ ಮೋಸಗಾರ ಯಾರೆಂದು ಹುಡುಕುತ್ತ ಕೂತರೆ ಪ್ರಯೋಜನವಿಲ್ಲ, ಏಕೆಂದರೆ ಇಬ್ಬರ ಅಳತೆಗೋಲೂ ಒಂದೇ: ಪುಟಕ್ಕೆ ಇಷ್ಟು. ಆ ಕೋಲೇ ಡೊಂಕು. ಡೊಂಕು ಎಲ್ಲಿದೆ ಎಂದು ನೋಡಲು ನಾಸಿಕ್ ಜಿಲ್ಲೆಯ ನಿಫಾಡ್ ತಾಲ್ಲೂಕು ಒಳ್ಳೆಯ ಜಾಗ. ಈರುಳ್ಳಿ, ದ್ರಾಕ್ಷಿ, ವೈನ್ ಮೂರೂ ಅಲ್ಲಿ ದೊಡ್ಡ ವ್ಯಾಪಾರ. ಮೂರರ ಗಿರಾಕಿಯೂ ಬೇರೆ ಬೇರೆ.

ಮೊದಲು ಈರುಳ್ಳಿ. ಈ ತಾಲ್ಲೂಕಿನ ಲಾಸಲ್‌ಗಾಂವ್ ದೇಶದ ಅತಿ ದೊಡ್ಡ ಈರುಳ್ಳಿ ಮಾರುಕಟ್ಟೆಗಳಲ್ಲಿ ಒಂದು. ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಲ್ಲುತ್ತವೆ. ಖರೀದಿದಾರ ರಾಶಿಗೆ ಕೈಹಾಕಿ ನಾಲ್ಕು ಗಡ್ಡೆ ಎತ್ತಿ ಒತ್ತಿ ನೋಡುತ್ತಾನೆ. ಹರಾಜು ನಿಮಿಷದೊಳಗೆ ಮುಗಿಯುತ್ತದೆ. ಅಲ್ಲಿಂದ ಬೆಂಗಳೂರಿನ ಯಶವಂತಪುರದ ಮಂಡಿಗೆ ಮಾಲು ಕಳಿಸುವುದು ಒಂದು ಫೋನ್ ಕರೆಯ ಮೇಲೆ, ವರ್ಷಗಳ ಪರಿಚಯದ ಮೇಲೆ. ರಫ್ತಿನ ಭವಿಷ್ಯವೂ ವರ್ತಕನ ಕೈಯಲ್ಲಿಲ್ಲ. 2023ರ ಡಿಸೆಂಬರ್ 8ರಂದು ಕೇಂದ್ರ ಸರ್ಕಾರ ಈರುಳ್ಳಿ ರಫ್ತು ನಿಷೇಧಿಸಿತು, 2024ರ ಮೇ 4ರಂದು ಸುಂಕದ ಷರತ್ತು ಹಾಕಿ ತೆರವು ಮಾಡಿತು. ಆ ಐದು ತಿಂಗಳು ಎಂಥ ಅಂದದ ವೆಬ್‌ಸೈಟೂ ಒಂದು ಚೀಲ ಈರುಳ್ಳಿಯನ್ನು ಹಡಗು ಹತ್ತಿಸುತ್ತಿರಲಿಲ್ಲ. ಇಂಥ ವರ್ತಕನಿಗೆ ಬೇಕಾದದ್ದು ಸ್ವಂತ ಹೆಸರಿನ ಡೊಮೈನ್, ಅದೇ ಹೆಸರಿನ ಇಮೇಲ್, ಗೂಗಲ್ ಮ್ಯಾಪಿನಲ್ಲಿ ಸರಿಯಾದ ವಿಳಾಸ, ಪರವಾನಗಿ ವಿವರವಿರುವ ಒಂದೇ ಒಂದು ಪುಟ. ಎಂಟು ಸಾವಿರದ ಕೊಟೇಶನ್ ಇವನಿಗೆ ಸಾಕು; ಎಂಬತ್ತು ಸಾವಿರ ಬರೀ ಶೋಕಿ.

ದ್ರಾಕ್ಷಿಯ ಕಥೆ ಬೇರೆ. 2010ರಲ್ಲಿ ಕ್ಲೋರ್‌ಮೆಕ್ವಾಟ್ ಎಂಬ ಬೆಳವಣಿಗೆ ನಿಯಂತ್ರಕದ ಶೇಷ ಮಿತಿ ಮೀರಿದೆಯೆಂದು ಯುರೋಪ್ ಭಾರತದ ದ್ರಾಕ್ಷಿಯನ್ನು ತಿರಸ್ಕರಿಸಿತು. ಆ ಪೆಟ್ಟು ತಿಂದ ಸೀಮೆ ಇದು. ಅದಕ್ಕೂ ಮೊದಲೇ ಕೃಷಿ ರಫ್ತು ನೋಡಿಕೊಳ್ಳುವ ಕೇಂದ್ರದ ಅಪೇಡಾ ಸಂಸ್ಥೆಯ ಗ್ರೇಪ್‌ನೆಟ್ ಬಂದಿತ್ತು: ಯಾವ ತೋಟ, ಯಾವ ಪ್ಯಾಕ್‌ಹೌಸ್, ಯಾವ ಲ್ಯಾಬಿನ ವರದಿ ಎಂದು ಪೆಟ್ಟಿಗೆಯ ಜಾಡು ಹಿಡಿಯುವ ವ್ಯವಸ್ಥೆ. ನೆದರ್ಲೆಂಡ್ಸಿನ ಆಮದುದಾರ ವೆಬ್‌ಸೈಟ್ ತೆರೆಯುವುದು ಸೊಬಗು ಸವಿಯಲಿಕ್ಕಲ್ಲ. ಒಳ್ಳೆಯ ಕೃಷಿ ಪದ್ಧತಿಗೆ ಕೊಡುವ ಗ್ಲೋಬಲ್ ಗ್ಯಾಪ್ ಪ್ರಮಾಣಪತ್ರದ ಸಂಖ್ಯೆ ಸಿಕ್ಕಿದರೆ ಅದನ್ನು ಆ ಸಂಸ್ಥೆಯ ದಾಖಲೆಯಲ್ಲೇ ತಾಳೆ ನೋಡುತ್ತಾನೆ. ತಳಿ ಥಾಮ್ಸನ್ನೋ ಕ್ರಿಮ್ಸನ್ನೋ, ಕಾಯಿ ಎಷ್ಟು ಮಿಲಿಮೀಟರ್, ಪೆಟ್ಟಿಗೆಯಲ್ಲಿ ಅರ್ಧ ಕಿಲೋದ ಡಬ್ಬಿ ಎಷ್ಟು, ಯಾವ ವಾರದಿಂದ ಯಾವ ವಾರದವರೆಗೆ ಮಾಲು ಇರುತ್ತದೆ, ಇವೇ ಅವನ ಪ್ರಶ್ನೆಗಳು.

ಎಂಬತ್ತು ಸಾವಿರದ ತಾಣ ಇವಕ್ಕೆ ಉತ್ತರ ಕೊಡುತ್ತದೆಯೇ? ಇಂಥ ತಾಣಗಳ ಸಾಮಾನ್ಯ ರೂಪ ನೋಡಿ. ಮೇಲೆ ಜಾರುವ ಮೂರು ಬ್ಯಾನರ್, ‘ಗುಣಮಟ್ಟವೇ ನಮ್ಮ ಧ್ಯೇಯ’ ಎಂಬ ಘೋಷಣೆ, ಕೆಳಗೆ ಅಂತರ್ಜಾಲದಿಂದ ಎತ್ತಿದ ದ್ರಾಕ್ಷಿತೋಟ. ಚಿತ್ರದಲ್ಲಿರುವುದು ಬೇಲಿಯಂತೆ ನೇರ ಸಾಲಿನಲ್ಲಿ ಕತ್ತರಿಸಿ ನಿಲ್ಲಿಸಿದ ಯುರೋಪಿನ ವೈನ್ ದ್ರಾಕ್ಷಿ. ನಿಫಾಡಿನ ರೈತ ಬೆಳೆಯುವುದು ಚಪ್ಪರದ ಮೇಲೋ ವೈ ಆಕಾರದ ಕಂಬಗಳ ಮೇಲೋ ಹಬ್ಬಿ, ತಿನ್ನುವ ಗೊನೆ ಇಳಿಬಿಟ್ಟ ಬಳ್ಳಿ. ಕಸುಬು ಬಲ್ಲ ಆಮದುದಾರನಿಗೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ, ಈ ತೋಟ ಇವರದಲ್ಲ ಎಂದು. ಚಿತ್ರವೇ ಸುಳ್ಳಾದರೆ ಲ್ಯಾಬ್ ವರದಿಯನ್ನು ಅವನು ಏಕೆ ನಂಬಬೇಕು?

ಇದರಲ್ಲಿ ವಿನ್ಯಾಸಕನ ತಪ್ಪಿಗಿಂತ ಕಾಲದ ತಪ್ಪು ಹೆಚ್ಚು. ಕೊಯ್ಲು ಜನವರಿಯಿಂದ ಏಪ್ರಿಲ್‌ವರೆಗೆ. ಬಿಡುವಾದ ಮೇಲೆ ಜೂನಿನಲ್ಲಿ ಕೆಲಸ ಒಪ್ಪಿಸಿದರೆ ಬಳ್ಳಿಯಲ್ಲಿ ಎಲೆ ಬಿಟ್ಟು ಬೇರೇನೂ ಇರುವುದಿಲ್ಲ. ವಿನ್ಯಾಸಕ ಎರವಲು ಚಿತ್ರಕ್ಕೆ ಕೈಹಾಕುತ್ತಾನೆ. ಸಾಲದ್ದಕ್ಕೆ ಬರಹ ಕೊಡಿ ಎಂದು ಅವನು ಕೇಳುತ್ತಲೇ ಇರುತ್ತಾನೆ, ಮಾಲೀಕ ‘ನೀವೇ ಏನಾದರೂ ಹಾಕಿ’ ಎಂದುಬಿಡುತ್ತಾನೆ. ಆ ‘ಏನಾದರೂ’ ಎಂಬುದಕ್ಕೆ ಸಂದ ಹಣವೇ ದಂಡ. ರಫ್ತುದಾರ ಐವತ್ತು ಸಾವಿರ ಖರ್ಚು ಮಾಡುವುದಾದರೆ ಅರ್ಧವನ್ನಾದರೂ ಫೆಬ್ರುವರಿಯಲ್ಲಿ ಪ್ಯಾಕ್‌ಹೌಸಿಗೆ ಬರುವ ಒಳ್ಳೆಯ ಛಾಯಾಗ್ರಾಹಕನಿಗೂ ನೆಟ್ಟಗೆ ಇಂಗ್ಲಿಷ್ ಬರೆಯುವವರಿಗೂ ಕೊಡಬೇಕು. ಉಳಿದದ್ದು ವಿನ್ಯಾಸಕ್ಕೆ. ಪುಟ ಮೂರಾದರೂ ಚಿಂತೆಯಿಲ್ಲ.

ಮೂರನೆಯದು ವೈನ್. ಮಹಾರಾಷ್ಟ್ರ 2001ರಲ್ಲಿ ದ್ರಾಕ್ಷಿ ಸಂಸ್ಕರಣೆಯ ನೀತಿ ತಂದಿತು. ವಿಂಚೂರಿನ ವೈನ್ ಪಾರ್ಕ್ ಇದೇ ತಾಲ್ಲೂಕಿನಲ್ಲಿದೆ. ಅಬಕಾರಿ ನಿಯಮಗಳಿರುವಾಗ ಬಾಟಲಿಯನ್ನು ಬೇರೆ ಸರಕಿನಂತೆ ಮುಕ್ತವಾಗಿ ಆನ್‌ಲೈನಿನಲ್ಲಿ ಮಾರುವಂತಿಲ್ಲ. ಮಾರಬಹುದಾದದ್ದು ಭೇಟಿ, ರುಚಿ ನೋಡುವ ಗಂಟೆ, ತೋಟದ ನಡುವಿನ ರೂಮು. ನಾಸಿಕ್ ಬಳಿಯ ಸುಲಾ ಎಂಬ ವೈನ್ ಕಂಪನಿ ದ್ರಾಕ್ಷಿತೋಟವನ್ನೇ ಪ್ರವಾಸಿ ತಾಣ ಮಾಡಿ ಆ ದಾರಿ ತೋರಿಸಿದೆ. ಇಲ್ಲಿ ವೆಬ್‌ಸೈಟೇ ಅಂಗಡಿ. ಲೆಕ್ಕಕ್ಕೆಂದು ಹೀಗೆ ಹಿಡಿಯಿರಿ: ಆರು ರೂಮಿನ ತೋಟದ ಮನೆ, ರಾತ್ರಿಗೆ 4,000 ರೂಪಾಯಿ, ಬುಕಿಂಗ್ ಕಂಪನಿಗೆ ಶೇ 18 ಕಮಿಷನ್. ಅಂದರೆ ಪ್ರತಿ ಬುಕಿಂಗಿಗೆ 720 ರೂಪಾಯಿ ಹೊರಗೆ. ತಿಂಗಳಿಗೆ 25 ಬುಕಿಂಗ್ ಸ್ವಂತ ತಾಣದಲ್ಲೇ ಆದರೆ ವರ್ಷಕ್ಕೆ 2,16,000 ಉಳಿತಾಯ. ಇಂಥವರು ದಿನಾಂಕ ತೋರಿಸಿ ಮುಂಗಡ ಪಡೆಯುವ, ಮೊಬೈಲಿನಲ್ಲಿ ತಡವರಿಸದ ತಾಣಕ್ಕೆ ಒಂದೂವರೆ ಲಕ್ಷ ಕೊಟ್ಟರೂ ದುಬಾರಿಯಲ್ಲ. ಇವರಿಗೆ ಎಂಟು ಸಾವಿರದ ತಾಣವೇ ನಷ್ಟ.

ನಮ್ಮ ವಿಜಯಪುರಕ್ಕೂ ಈ ಲೆಕ್ಕ ಸಲ್ಲುತ್ತದೆ. ಒಣದ್ರಾಕ್ಷಿಯನ್ನು ತಾಸಗಾಂವ್ ಹರಾಜಿಗೆ ಒಯ್ಯುವವರಿಗೆ ವೆಬ್‌ಸೈಟಿನಿಂದ ಆಗಬೇಕಾದದ್ದು ಕಡಿಮೆ. ಅದೇ ಒಣದ್ರಾಕ್ಷಿಯನ್ನು ಅರ್ಧ ಕಿಲೋ ಪೊಟ್ಟಣ ಮಾಡಿ ಬೆಂಗಳೂರಿನ ಮನೆಗಳಿಗೆ ಕಳಿಸುವವರಿಗೆ ಆಗಬೇಕಾದದ್ದು ಬಹಳ.

ಇನ್ನು ಕೊಟೇಶನ್ನಿನಲ್ಲಿ ಕಾಣದ ಸಾಲುಗಳು. ಶೇ 18 ಜಿಎಸ್‌ಟಿ ಸೇರಿದೆಯೇ? ಎರಡನೇ ವರ್ಷದ ಡೊಮೈನ್ ಮತ್ತು ಹೋಸ್ಟಿಂಗ್ ಎಷ್ಟು? ಮೊದಲ ವರ್ಷ ಉಚಿತ ಎಂದು ಕೊಟ್ಟದ್ದು ನವೀಕರಣದಲ್ಲಿ ಏರುವುದು ಸಾಮಾನ್ಯ. ಭದ್ರತೆಯ ಎಸ್ಎಸ್ಎಲ್ ಪ್ರಮಾಣಪತ್ರ ಲೆಟ್ಸ್ ಎನ್‌ಕ್ರಿಪ್ಟ್‌ನಿಂದ ಪುಕ್ಕಟೆ ಸಿಗುವಾಗ ಅದಕ್ಕೆ ಬೇರೆ ಬಿಲ್ ಏಕೆ? ಎಲ್ಲಕ್ಕಿಂತ ದೊಡ್ಡ ಪ್ರಶ್ನೆ, ಡೊಮೈನ್ ಯಾರ ಹೆಸರಿನಲ್ಲಿದೆ ಎಂಬುದು. ವಿನ್ಯಾಸಕನ ಖಾತೆಯಲ್ಲಿದ್ದರೆ, ಜಗಳವಾದ ದಿನ ನಿಮ್ಮ ಅಂಗಡಿಯ ಬೋರ್ಡು ಅವನ ಕೈಯಲ್ಲಿರುತ್ತದೆ. ಕಾನೂನೂ ಮಾಲೀಕನ ಪರ ತಾನಾಗಿ ನಿಲ್ಲುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಹೊರಗಿನವರಿಂದ ಬರೆಸಿದ ಕೋಡಿನ ಹಕ್ಕು ಸಾಮಾನ್ಯವಾಗಿ ಬರೆದವರದೇ, ಲಿಖಿತವಾಗಿ ವರ್ಗಾಯಿಸಿಕೊಳ್ಳಬೇಕು. ಆ ಪತ್ರದಲ್ಲಿ ಅವಧಿ ಹೇಳದಿದ್ದರೆ ಐದೇ ವರ್ಷ, ಪ್ರದೇಶ ಹೇಳದಿದ್ದರೆ ಭಾರತಕ್ಕಷ್ಟೇ ಎಂದು ಭಾವಿಸಲಾಗುತ್ತದೆ. ಯುರೋಪಿಗೆ ಹಣ್ಣು ಕಳಿಸುವವರು ಈ ಕಡೆಯ ಮಾತನ್ನು ಎರಡು ಸಲ ಓದಬೇಕು.

ವಿನ್ಯಾಸಕರ ಪರವಾಗಿಯೂ ಒಂದು ಮಾತು. ಎಂಟು ಸಾವಿರಕ್ಕೆ ಒಪ್ಪಿದವನು ಸಿದ್ಧ ಟೆಂಪ್ಲೇಟಿಗೆ ನಿಮ್ಮ ಹೆಸರು ಹಾಕಿ ಎರಡು ದಿನದಲ್ಲಿ ಕೈತೊಳೆದುಕೊಳ್ಳಲೇಬೇಕು, ಇಲ್ಲದಿದ್ದರೆ ಅವನ ಹೊಟ್ಟೆ ತುಂಬದು. ಅವನಿಂದ ವರ್ಷವಿಡೀ ಪುಕ್ಕಟೆ ತಿದ್ದುಪಡಿ ಬಯಸುವುದು ಅನ್ಯಾಯ. ಹೆಚ್ಚು ಕೇಳುವವನು ಗಿರಾಕಿ ಯಾರು, ಅವನಿಗೆ ಏನು ಬೇಕು ಎಂದು ನಿಮ್ಮನ್ನು ಮೊದಲು ಕೂರಿಸಿ ವಿಚಾರಿಸಿದರೆ ಆ ಹೆಚ್ಚು ಹಣಕ್ಕೆ ಅರ್ಥವಿದೆ. ವಿಚಾರಿಸದೆ ಎಷ್ಟು ಪುಟ ಬೇಕು ಎಂದಷ್ಟೇ ಕೇಳಿದರೆ, ಎಂಬತ್ತು ಸಾವಿರದವನೂ ಎಂಟು ಸಾವಿರದವನೇ.

ಹಾಗಾಗಿ ಎಷ್ಟು ಕೊಡಬೇಕು ಎಂಬುದಕ್ಕೆ ನನ್ನ ಉತ್ತರ ಇದು. ತಾಣದಿಂದ ಒಂದು ವರ್ಷದಲ್ಲಿ ಹೆಚ್ಚುವ ಲಾಭ ಅಥವಾ ಉಳಿಯುವ ಕಮಿಷನ್ ಎಷ್ಟೆಂದು ಕೈಬಿಗಿ ಹಿಡಿದು ಅಂದಾಜಿಸಿ. ಮೊದಲ ಖರ್ಚು ಅದನ್ನು ಮೀರದಿರಲಿ. ಪ್ರತಿವರ್ಷದ ಪಾಲನೆಗೆಂದು ಆ ಮೊದಲ ಖರ್ಚಿನ ಐದನೇ ಒಂದು ಭಾಗ ತೆಗೆದಿಡಿ. ಅಂದಾಜು ಸೊನ್ನೆಯ ಹತ್ತಿರ ಬಂದರೆ ಒಂದು ಪುಟ ಹಾಕಿಸಿ, ಮಿಕ್ಕ ಹಣವನ್ನು ಉಗ್ರಾಣದ ಚಾವಣಿ ರಿಪೇರಿಗೆ ಬಳಸಿ.