ಥಿಂಬಲಿನೊಳಗಿನ ಕಪ್ಪು

ಕ್ಯಾಂಪರ್ ವ್ಯಾನಿನ ಎ.ಸಿ. ತಂಪು ಕೊಡುವುದನ್ನು ನಿಲ್ಲಿಸಿದೊಡನೆ ‘ಗ್ಯಾಸ್ ಹೋಗಿದೆ, ತುಂಬಿಸಿ’ ಎಂದು ತೀರ್ಪು ಕೊಡುವ ಪಂಥದೊಡನೆ ಈ ಅಂಕಣ ನಡೆಸುತ್ತ ಬಂದಿರುವ ಜಗಳ ಓದುಗರಿಗೆ ಹೊಸದಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬೀದರ್ ಸೀಮೆಯಲ್ಲಿ ಏಪ್ರಿಲ್, ಮೇ ಈ ಪಂಥಕ್ಕೆ ಸುಗ್ಗಿಯ ಕಾಲ. ಗ್ಯಾಸ್ ಎಂದರೆ ಮುಚ್ಚಿದ ಕೊಳವೆಗಳಲ್ಲಿ ಸುತ್ತುತ್ತಲೇ ಇರುವ ಶೀತಕ. ಅದು ಡೀಸೆಲ್ಲಿನಂತೆ ಉರಿದು ಖರ್ಚಾಗುವ ಸರಕಲ್ಲವಾದ್ದರಿಂದ, ಕಡಿಮೆಯಾಗಿದ್ದರೆ ಎಲ್ಲೋ ಸೋರಿರಲೇಬೇಕು. ಸೋರಿಕೆಯನ್ನು ಹುಡುಕದೆ ತುಂಬಿಸುವವರು ತೂತು ಕೊಡಕ್ಕೆ ನೀರು ಹೊಯ್ಯುತ್ತಿದ್ದಾರೆ. ಸೋರಿಕೆಯೇ ಇಲ್ಲದಿರುವಾಗ ತುಂಬಿಸುವವರು ತುಂಬಿದ ಕೊಡಕ್ಕೇ ಹೊಯ್ಯುತ್ತಿದ್ದಾರೆ.

ದೋಷ ವಿದ್ಯುತ್ತಿನದಾಗಿದ್ದರೆ ಗಾಡಿಯೇ ಅದನ್ನು ಹೇಳುತ್ತದೆ. ಬೀದರಿನಿಂದ ಭಾಲ್ಕಿಯವರೆಗೆ ಓಡುವಾಗ ತಣ್ಣಗಿದ್ದು, ಪೇಟೆಯ ದಟ್ಟಣೆಯಲ್ಲಿ ನಿಂತ ಕೂಡಲೇ ಬಿಸಿಗಾಳಿ ಬೀಸತೊಡಗಿದರೆ ಕಂಡೆನ್ಸರಿನ ಫ್ಯಾನನ್ನು ಮೊದಲು ನೋಡಬೇಕು. ಕಂಡೆನ್ಸರ್ ಎಂದರೆ ಶೀತಕ ತನ್ನ ಬಿಸಿಯನ್ನು ಹೊರಗೆ ಬಿಡುವ ಜಾಲರಿ. ಓಡುವ ಗಾಡಿಯಲ್ಲಿ ಎದುರುಗಾಳಿಯೇ ಅದನ್ನು ತಣಿಸುತ್ತದೆ, ನಿಂತಾಗ ಫ್ಯಾನು ತಿರುಗದಿದ್ದರೆ ಒತ್ತಡ ಏರಿ ಒತ್ತಡದ ಸ್ವಿಚ್ಚು ಕಂಪ್ರೆಸರನ್ನು ನಿಲ್ಲಿಸಿಬಿಡುತ್ತದೆ. ಇಂಥಲ್ಲಿ ಫ್ಯೂಸು, ರಿಲೇ, ಫ್ಯಾನಿನ ಅರ್ಥ್ ತಂತಿ, ಈ ಮೂರನ್ನು ಟೆಸ್ಟ್ ಲ್ಯಾಂಪ್ ಹಿಡಿದು ನೋಡಿದರೆ ಬಹುಮಟ್ಟಿಗೆ ಉತ್ತರ ಸಿಗುತ್ತದೆ.

ಇನ್ನೊಂದು ಲಕ್ಷಣ ಇದಕ್ಕಿಂತ ಸೂಕ್ಷ್ಮವಾದುದು: ಮುಂಜಾನೆ ಸರಿಯಿದ್ದ ಎ.ಸಿ. ಮಧ್ಯಾಹ್ನ ಔರಾದ್ ದಾರಿಯಲ್ಲಿ ಕೈಕೊಟ್ಟು, ಬೇವಿನ ನೆರಳಲ್ಲಿ ಅರ್ಧ ತಾಸು ನಿಂತ ಮೇಲೆ ಏನೂ ಆಗಿಲ್ಲವೆಂಬಂತೆ ಮತ್ತೆ ನಡೆಯುತ್ತದೆ. ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಪುಲ್ಲಿಯನ್ನು ಕಂಪ್ರೆಸರಿಗೆ ಜೋಡಿಸುವುದು ಒಂದು ವಿದ್ಯುತ್ಕಾಂತ, ಅಂದರೆ ಮ್ಯಾಗ್ನೆಟಿಕ್ ಕ್ಲಚ್. ಅದರ ತಾಮ್ರದ ಸುರುಳಿಗೆ 20 ಡಿಗ್ರಿಯಲ್ಲಿ 3.6 ಓಮ್ ರೋಧವಿದ್ದರೆ 100 ಡಿಗ್ರಿಯ ಹೊತ್ತಿಗೆ ಅದು ಸುಮಾರು 4.7 ಓಮ್ ಆಗುತ್ತದೆ; 12 ವೋಲ್ಟಿನಲ್ಲಿ ಹರಿಯುವ ಕರೆಂಟು 3.3 ಆಂಪಿಯರಿನಿಂದ 2.6ರ ಆಸುಪಾಸಿಗೆ ಇಳಿದು, ಕಾಂತದ ಎಳೆತ ಸೊರಗುತ್ತದೆ. ಕ್ಲಚ್ಚಿನ ತಟ್ಟೆ ಸವೆದು ಸಂದು ಅಗಲವಾಗಿದ್ದರಂತೂ ಆ ಸೊರಗಿದ ಎಳೆತಕ್ಕೆ ತಟ್ಟೆ ಅಂಟುವುದೇ ಇಲ್ಲ. ನೆರಳಲ್ಲಿ ತಾನಾಗಿ ವಾಸಿಯಾಗುವ ಈ ಕಾಯಿಲೆಗೆ ಗ್ಯಾಸ್ ತುಂಬಿಸಿದಾಗಲೂ ಗುಣ ಕಾಣುತ್ತದೆ, ಏಕೆಂದರೆ ತುಂಬಿಸುವಷ್ಟರಲ್ಲಿ ಸುರುಳಿ ಆರಿರುತ್ತದೆ. ಪಂಥದ ಕೀರ್ತಿಯ ಗುಟ್ಟು ಅಷ್ಟೇ.

ಇಷ್ಟು ಎಂಜಿನ್ನಿನ ಎ.ಸಿ.ಯ ಮಾತು. ನಿಂತ ಗಾಡಿಯಲ್ಲಿ ರಾತ್ರಿ ಮಲಗುವವರಿಗೆ ಬೇಕಾದ, ಬ್ಯಾಟರಿ ಮತ್ತು ಇನ್ವರ್ಟರಿನ ಮೇಲೆ ನಡೆಯುವ 230 ವೋಲ್ಟಿನ ಎ.ಸಿ.ಯೇ ಈ ವಾರದ ಘೋಷಿತ ವಿಷಯ. 1,100 ವಾಟ್ ಎಳೆಯುವ ಎ.ಸಿ.ಗೆ, ಇನ್ವರ್ಟರಿನ ದಕ್ಷತೆ ಶೇ 90 ಎಂದು ಹಿಡಿದರೂ, 12 ವೋಲ್ಟಿನ ಬ್ಯಾಟರಿಯಿಂದ ಸುಮಾರು 100 ಆಂಪಿಯರ್ ಹರಿಯಬೇಕು. ದಾರಿಯಲ್ಲಿ ಒಂದು ಓಮಿನ ನೂರನೆಯ ಒಂದು ಭಾಗದಷ್ಟು ರೋಧ ಅಡ್ಡ ಬಂದರೆ ಸಾಕು, ಒಂದು ಪೂರ್ತಿ ವೋಲ್ಟು ಅಲ್ಲೇ ಬಿದ್ದುಹೋಗುತ್ತದೆ, 100 ವಾಟ್ ಶಾಖ ಆ ಒಂದೇ ಜಾಗದಲ್ಲಿ ಹುಟ್ಟುತ್ತದೆ. ಕಂಪ್ರೆಸರ್ ಏಳುವ ಕ್ಷಣದಲ್ಲಿ ಕರೆಂಟು ಇದರ ಹಲವು ಪಟ್ಟು ಏರುವುದರಿಂದ ಇನ್ವರ್ಟರ್ ‘ಬ್ಯಾಟರಿ ಲೋ’ ಎಂದು ಕೂಗಿ ಆರಿಬಿಡುತ್ತದೆ; ಮಾಲಿಕ ಹೋಗಿ ಹೊಸ ಬ್ಯಾಟರಿ ತರುತ್ತಾನೆ.

ಭಾರವಿಲ್ಲದಾಗ ಅಳೆದರೆ ಮೀಟರು 12.6 ತೋರಿಸುತ್ತದೆ, ಅದು ಸುಳ್ಳಲ್ಲದಿದ್ದರೂ ನಿರುಪಯೋಗಿ. ಎ.ಸಿ. ನಡೆಯುತ್ತಿರುವಾಗ ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಧನ ಕಂಬಕ್ಕೂ ಇನ್ನೊಂದನ್ನು ಇನ್ವರ್ಟರಿನ ಧನ ತುದಿಗೂ ಒತ್ತಿ, ನಡುವೆ ಎಷ್ಟು ವೋಲ್ಟು ಕಳೆಯುತ್ತಿದೆ ಎಂದು ನೋಡಬೇಕು. ಋಣದ ಕಡೆಗೂ ಹಾಗೆಯೇ. ಅಲ್ಲಿ ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ಕಳ್ಳ ತಂತಿಯಲ್ಲೋ ಅದರ ತುದಿಯ ಥಿಂಬಲಿನಲ್ಲೋ, ಅಂದರೆ ತಂತಿಯನ್ನು ನಟ್ಟಿಗೆ ಬಿಗಿಯಲು ಹಾಕುವ ಲೋಹದ ಕಿವಿಯಲ್ಲೋ, ಅಡಗಿದ್ದಾನೆ.

ಇನ್ವರ್ಟರಿನ ಒಳಗಿನ ವಿಚಾರ ಮುಂದಿನ ವಾರಕ್ಕೆ ಉಳಿಯಲಿ. ಥಿಂಬಲು ಬೀದರಿನ ಒಂದು ಹಳೆಯ ವಿದ್ಯೆಯ ಕಡೆಗೆ ಎಳೆಯುತ್ತಿದೆ. ಹೆಚ್ಚಿನ ಪಾಲು ಸತುವು, ಅಲ್ಪ ಪಾಲು ತಾಮ್ರ ಬೆರೆಸಿ ಎರಕ ಹೊಯ್ದ ಬಿದರಿ ಪಾತ್ರೆಗೆ ಬೆಳ್ಳಿ ಕೂರಿಸಿದ ಮೇಲೆ ಕೋಟೆಯ ಮಣ್ಣನ್ನೂ ನವಸಾಗರವನ್ನೂ ನೀರಿನಲ್ಲಿ ಕಲಸಿ ಹಚ್ಚುತ್ತಾರೆ. ಮೈ ಕಡುಗಪ್ಪಾಗುತ್ತದೆ, ಬೆಳ್ಳಿ ಮಾತ್ರ ಬಿಳಿಯಾಗಿಯೇ ಉಳಿಯುತ್ತದೆ. ನವಸಾಗರ ಎಂದರೆ ಅಮೋನಿಯಂ ಕ್ಲೋರೈಡ್, ಪಾತ್ರೆಗೆ ಕಲಾಯಿ ಹಾಕುವವರ ಕೈಯಲ್ಲೂ ಇರುವ ಅದೇ ಪುಡಿ. ಬೆಸುಗೆ ಸಲೀಸಾಗಿ ಹಿಡಿಯುತ್ತದೆಂದು ಅದನ್ನೇ ಬ್ಯಾಟರಿ ತಂತಿಯ ಥಿಂಬಲಿಗೂ ಬಳಸಿದರೆ, ಒಳಗೆ ಉಳಿದ ಕ್ಲೋರೈಡು ಮಳೆಗಾಲದ ತೇವವನ್ನು ಹೀರಿಕೊಂಡು ತಾಮ್ರವನ್ನು ತಿನ್ನತೊಡಗುತ್ತದೆ. ಹೊರಗಿನಿಂದ ಹೊಳೆಯುವ ಥಿಂಬಲಿನ ಹಿಂದೆ ಎರಡು ಬೆರಳಷ್ಟು ರಬ್ಬರು ಸುಲಿದು ನೋಡಿದರೆ ಎಳೆಗಳು ಹಸಿರುಗಟ್ಟಿ, ಕಪ್ಪಾಗಿ, ಉಗುರು ತಾಗಿದರೆ ಮುರಿಯುವಷ್ಟು ಗರಿಗರಿಯಾಗಿರುತ್ತವೆ. ಪಾತ್ರೆಯ ಮೇಲೆ ಬೆಲೆ ತರುವ ಕಪ್ಪು ಇಲ್ಲಿ ರೋಧವಾಗುತ್ತದೆ.

ಅಂಥ ತಂತಿಯನ್ನು ತಿಕ್ಕಿ ತೊಳೆಯುವುದು ವ್ಯರ್ಥ. ಕೆಂಪು ತಾಮ್ರ ಕಾಣುವವರೆಗೆ ಹಿಂದಕ್ಕೆ ಕತ್ತರಿಸಿ, ಹೊಸ ಥಿಂಬಲನ್ನು ಬೆಸುಗೆಯಿಲ್ಲದೆ ಒತ್ತುಯಂತ್ರದಲ್ಲಿ ಅದುಮಿ, ನಟ್ಟು ಬಿಗಿದು, ಎ.ಸಿ. ಹಚ್ಚಿ, ಅದೇ ಎರಡು ಬಿಂದುಗಳ ನಡುವೆ ಮೀಟರನ್ನು ಮತ್ತೊಮ್ಮೆ ಹಿಡಿಯಬೇಕು.